ನಾಲ್ಕು ತಾಲೂಕು ಕಾದ ಊಟ

ನಾನು ಡಾಕ್ಟರಿಕೆ ಓದಲು ರಷ್ಯಾಕ್ಕೆ ಹೊರಟ ದಿನ ನಮ್ಮವ್ವ ರೊಟ್ಟಿ ಬಿಟ್ಟಳು. ಸಿಟ್ಟಿಗೆದ್ದು ಬಿಟ್ಟದ್ದಲ್ಲ, ದೇವರಿಗೆ ಹೊತ್ತ ಹರಕೆಯೂ ಅಲ್ಲ. ಸಿಂದಗಿಯಿಂದ ಎರಡು ಜೀಪು ಮಾಡಿಕೊಂಡು ನಮ್ಮ ಮಂದಿಯೆಲ್ಲ ನನ್ನನ್ನು ಕಳಿಸಲು ಸೊಲ್ಲಾಪುರದ ಸ್ಟೇಷನ್ನಿಗೆ ಬಂದಿದ್ದರು. ಮುಂಬೈ ಗಾಡಿ ಬಂದು ನಿಂತು, ಎಲ್ಲರೂ ಚೀಲ ಎತ್ತುವ ಗಡಿಬಿಡಿಯಲ್ಲಿದ್ದಾಗ ಅವ್ವ ನನ್ನ ರಟ್ಟೆ ಹಿಡಿದು ನೀರಿನ ನಳದ ಹತ್ತಿರ ಎಳೆದೊಯ್ದಳು.

"ನೀ ಅಲ್ಲಿ ಹೋಗಿ ಮುಟ್ಟಿ, ಹೊಟ್ಟಿ ತುಂಬ ಊಟಾ ಮಾಡೀನಿ ಅಂತ ಫೋನ್ ಮಾಡೂತನಾ ನಾ ಇಲ್ಲಿ ರೊಟ್ಟಿ ಮುರಿಯಂಗಿಲ್ಲ ನೋಡು," ಎಂದಳು.

"ನಿನಗ ತಲಿ ಕೆಟ್ಟೈತೇನ ಯವ್ವಾ? ಸಕ್ರಿ ಬ್ಯಾನಿ ಇಟ್ಕೊಂಡು ಉಪಾಸ ಇರ್ತೀಯೇನು?"

"ಉಪಾಸ ಯಾಕ? ಹಾಲು ಕುಡೀತೀನಿ, ಬಾಳಿಹಣ್ಣು ತಿಂತೀನಿ. ರೊಟ್ಟಿ ಅಷ್ಟ ಮುರಿಯಂಗಿಲ್ಲ. ಇಡು ನನ್ನ ತಲಿ ಮ್ಯಾಲ ಕೈ."

ಇಟ್ಟೆ. ಉಣ್ಣದೆ ಉಂಡೆ ಎಂದು ಸುಳ್ಳು ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು. ಅದಕ್ಕೆ ಕಾರಣವಿತ್ತು. ಬಿಜಾಪುರದ ಹಾಸ್ಟೆಲಿನಲ್ಲಿ ಪಿಯುಸಿ ಓದುವಾಗ ವಾರ ವಾರ ಫೋನಿನಲ್ಲಿ "ಉಂಡೀನಿ, ಉಂಡೀನಿ" ಎಂದೇ ಕಾಲ ತಳ್ಳಿ, ಸೂಟಿಗೆ ಮನೆಗೆ ಬಂದ ದಿನ ಬಾಗಿಲಲ್ಲೇ ತಲೆ ಸುತ್ತಿ ಬಿದ್ದವಳು ನಾನು. ಅಂದಿನಿಂದ ನನ್ನ ಬಾಯಿಂದ ಬಂದ ಊಟದ ಸುದ್ದಿಯನ್ನು ಅವ್ವ ನಂಬುತ್ತಿರಲಿಲ್ಲ. ಈಗ ಬಾಯಿಗೆ ಆಣೆಯ ಬೀಗ ಹಾಕಿದಳು. ತಾಯಿಯ ತಲೆ ಮುಟ್ಟಿ ಮಾಡಿದ ಆಣೆ ಮುರಿಯುವ ಎದೆ ನನಗೆ ಆಗ ಇರಲಿಲ್ಲ. ಹೆಣ ಕೊಯ್ದು, ಪುಸ್ತಕ ಅರೆದು ಡಾಕ್ಟರಾದ ಮೇಲೂ ಬಂದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ನಳದ ಆಚೆ ಬದಿ ಇಂಡಿಯ ಅತ್ತಿ, ಅಂದರೆ ಅಪ್ಪನ ತಂಗಿ, ಚರಿಗೆಗೆ ನೀರು ಹಿಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವ್ವನಿಗೂ ಅವಳಿಗೂ ಅವ್ವ ನಮ್ಮ ಮನೆಗೆ ಸೊಸೆಯಾಗಿ ಬಂದ ದಿನದಿಂದ ಪೈಪೋಟಿ. ಅವ್ವ ಸೋಮವಾರದ ಉಪವಾಸ ಹಿಡಿದರೆ ಅತ್ತಿ ಸೋಮವಾರ, ಗುರುವಾರ ಎರಡೂ ಹಿಡಿಯುವವಳು.

"ನೀ ರೊಟ್ಟಿ ಬಿಟ್ರ ನಾ ಚಾ ಬಿಟ್ಟೆ ವೈನಿ," ಎಂದು ಚರಿಗೆಯನ್ನು ನೆಲಕ್ಕೆ ಕುಕ್ಕಿದಳು. ಆ ಹೆಂಗಸಿನ ಒಲೆಯ ಮೇಲಿಂದ ಚಹಾದ ಬೋಗುಣಿ ಇಳಿದದ್ದನ್ನು ನಾನಂತೂ ನೋಡಿಲ್ಲ.

ಮುದ್ದೇಬಿಹಾಳದಲ್ಲಿ ಮಾಸ್ತರನಾಗಿದ್ದ ಸೋದರಮಾವ ಅಷ್ಟು ದೂರದಲ್ಲಿ ತಂಬಾಕು ಹಾಕಿದ ಎಲೆ ಅಡಿಕೆ ಅಗಿಯುತ್ತ ತನ್ನ ಪಾಡಿಗೆ ತಾನು ನಿಂತಿದ್ದ. ಇಬ್ಬರು ಹೆಂಗಸರೂ ತನ್ನನ್ನೇ ನೋಡುತ್ತಿರುವುದು ಕಂಡು, ತಪ್ಪಿಸಿಕೊಳ್ಳುವ ದಾರಿ ಕಾಣದೆ, ಹಳಿಯ ಮೇಲೆ ಉಗುಳಿ ಬಂದು "ನಾನೂ ಎಲಿ ಬಿಟ್ಟೆ ತಗೋರಿ" ಎಂದ. ಬಸವನ ಬಾಗೇವಾಡಿಯ ಅಜ್ಜಿ, ಅವ್ವನ ತಾಯಿ, ಸ್ಟೇಷನ್ನಿಗೆ ಬಂದಿರಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ ಆಕೆ, ಎಚ್ಚರವಿದ್ದಷ್ಟು ಹೊತ್ತೂ ಮೂಗಿಗೇರಿಸುತ್ತಿದ್ದ ತಪಕೀರಿನ ಡಬ್ಬಿಯನ್ನು ಅಟ್ಟಕ್ಕೆ ಎಸೆದಳಂತೆ. ಹೀಗೆ ನಾನು ಇನ್ನೂ ವಿಮಾನದ ಮುಖ ನೋಡುವ ಮೊದಲೇ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ನಾಲ್ವರು ನನ್ನ ಒಂದು ಊಟಕ್ಕಾಗಿ ಕಾಯುತ್ತ ಕುಳಿತರು.

ಹೊರಗಿನವರಿಗೆ ಇದರಲ್ಲೇನು ತೊಂದರೆ ಎಂಬುದು ತಿಳಿಯುವುದಿಲ್ಲ. ಏನಾದರೊಂದು ತಿಂದು ಫೋನು ಮಾಡಿದರೆ ಮುಗಿಯಿತಲ್ಲ ಎನ್ನುತ್ತಾರೆ. ನಮ್ಮಲ್ಲಿ ಏನಾದರೊಂದು ತಿಂದರೆ ಅದು ಊಟವಲ್ಲ. ಉಪ್ಪಿಟ್ಟು, ಅವಲಕ್ಕಿ ನಾಷ್ಟಾ. ಬ್ರೆಡ್ಡು ಜ್ವರ ಬಂದವರಿಗೆ. ಅನ್ನ ಕೊನೆಗೆ ಮಜ್ಜಿಗೆಯ ನೆಪಕ್ಕೆ ಒಂದು ಮುಷ್ಟಿ. ಮದುವೆಮನೆಯಲ್ಲಿ ಗಂಟಲಮಟ ಹೋಳಿಗೆ ಹೊಡೆದು ಬಂದವರೂ ಮನೆಗೆ ಬಂದು "ಯಾಕೋ ಉಂಡಂಗ ಆಗಿಲ್ಲ ಬಿಡು" ಎಂದು ರೊಟ್ಟಿಯ ಬುಟ್ಟಿಗೆ ಕೈ ಹಾಕುತ್ತಾರೆ. ರೊಟ್ಟಿ ಹೊಟ್ಟೆಗೆ ಬಿದ್ದರೆ ಊಟ, ಇಲ್ಲದಿದ್ದರೆ ಇಲ್ಲ. ಅವ್ವ "ಊಟ" ಎಂದಾಗ ಅದರೊಳಗೆ ರೊಟ್ಟಿ ಇದ್ದೇ ಇತ್ತು. ಅದನ್ನು ಬಿಡಿಸಿ ಹೇಳುವ ಅಗತ್ಯ ಅವಳಿಗೂ ಕಾಣಲಿಲ್ಲ, ಕೇಳುವ ಅಗತ್ಯ ನನಗೂ ಕಾಣಲಿಲ್ಲ.

ನಾನೇನೂ ಚಿಂತೆ ಮಾಡಲಿಲ್ಲ. ನನ್ನ ದೊಡ್ಡ ಚೀಲದಲ್ಲಿ ಉಲನ್ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ಕಡಕ್ ರೊಟ್ಟಿ. ಹಂಚಿನ ಮೇಲೆ ಒಣಗಿಸಿದ, ತಿಂಗಳುಗಟ್ಟಲೆ ಇಟ್ಟರೂ ಕೆಡದ ಜೋಳದ ರೊಟ್ಟಿ, ಪೇಪರಿನಲ್ಲಿ ಸುತ್ತಿ ಸುತ್ತಿ ಇಟ್ಟದ್ದು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅತ್ತಿ ಕೊಟ್ಟ ಲಿಂಬೆಹಣ್ಣಿನ ಉಪ್ಪಿನಕಾಯಿ. ಇಳಿದ ಕೂಡಲೇ ಒಂದು ರೊಟ್ಟಿ ಮುರಿದು ತಿಂದು ಫೋನು ಮಾಡುವುದು, ಎಲ್ಲರೂ ಅವರವರ ಚಟಕ್ಕೆ ಮರಳುವುದು, ಇಷ್ಟೇ ತಾನೇ ಎಂದುಕೊಂಡು ವಿಮಾನದಲ್ಲಿ ನಿದ್ದೆ ಹೊಡೆದೆ.

ಆ ಚೀಲ ಬರಲೇ ಇಲ್ಲ. ರಷ್ಯಾದ ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಹೊತ್ತು ತಿರುಗುವ ಆ ರಬ್ಬರಿನ ಪಟ್ಟಿಯ ಮುಂದೆ ನಿಂತೇ ನಿಂತೆ. ಎಲ್ಲರ ಚೀಲಗಳೂ ಬಂದವು, ಯಾರದೋ ಮಗುವಿನ ಗಾಡಿ ಬಂತು, ಒಂದು ನಾಯಿಯ ಪಂಜರ ಬಂತು. ಕೊನೆಗೆ ಪಟ್ಟಿಯೂ ನಿಂತಿತು. ಕೌಂಟರಿನ ಹೆಂಗಸು ಒಂದು ಚೀಟಿ ಬರೆದು ಕೊಟ್ಟು, ಅಂಗೈ ಮೇಲೆ ಮಾಡಿ ಆಕಾಶ ತೋರಿಸಿದಳು. ಚೀಲ ಬೇರೆ ವಿಮಾನದಲ್ಲಿದೆ ಎಂದಳೋ, ದೇವರೇ ಗತಿ ಎಂದಳೋ, ನನಗೆ ಇಂದಿಗೂ ಗೊತ್ತಾಗಿಲ್ಲ.

ಉಳಿದದ್ದು ಕೈಚೀಲ. ಅದರಲ್ಲಿದ್ದದ್ದು ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು ಮತ್ತು ಉಡಿ. ಹೆಣ್ಣುಮಕ್ಕಳು ದೂರ ಹೊರಟಾಗ ನಮ್ಮಲ್ಲಿ ಕರೆದು ಊಟಕ್ಕೆ ಹಾಕಿ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಬೇರು, ಬೆಲ್ಲದ ಹಳಕು, ಮೇಲೊಂದು ಖಣ, ಕುಬಸ ಹೊಲಿಸುವ ಬಟ್ಟೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲ ಕಡೆ ತುಂಬಿಸಿಕೊಂಡು ಬಂದಿದ್ದೆ. ಚಪ್ಪಲಿ ಇರುವ ಚೀಲದಲ್ಲಿ ಉಡಿ ಇಡಬಾರದು ಎಂದು ಅವ್ವ ಅದನ್ನು ಕೈಚೀಲಕ್ಕೆ ಸೇರಿಸಿದ್ದಳು. ಹಾಗಾಗಿ ತಿನ್ನುವ ರೊಟ್ಟಿ, ತೊಡುವ ಸ್ವೆಟರ್ ಎಲ್ಲ ಎಲ್ಲೋ ಹೋಗಿ, ಪೂಜೆಯ ಸಾಮಾನು ಮಾತ್ರ ನನ್ನ ಜೊತೆ ರಷ್ಯಾ ತಲುಪಿತು. ತಪಾಸಣೆಯ ಅಧಿಕಾರಿ ಅರಿಸಿನದ ಬೇರನ್ನು ಎತ್ತಿ ಮೂಸಿದ, ಮುರಿದು ನೋಡಿದ, ಬೆರಳೆಲ್ಲ ಹಳದಿ ಮಾಡಿಕೊಂಡು ಗಾಬರಿಯಾಗಿ ನನ್ನನ್ನು ಬಿಟ್ಟು ಕಳಿಸಿದ.

ಕರೆದೊಯ್ಯಲು ಬಂದಿದ್ದವನು ಅಲ್ಲೇ ಮೂರನೇ ವರ್ಷ ಓದುತ್ತಿದ್ದ ಮೈಸೂರಿನ ಹುಡುಗ. "ಕನ್ನಡದ ಹುಡುಗನ ಅದಾನ್ರಿ, ಕಾಳಜಿ ಬ್ಯಾಡ" ಎಂದು ನನ್ನನ್ನು ಕಳಿಸಿದ ಏಜೆಂಟ್ ಹೇಳಿದ್ದ. ಮೊದಲ ಅರ್ಧ ದಿನ ಇಬ್ಬರಿಗೂ ಇನ್ನೊಬ್ಬರದು ಕನ್ನಡವೇ ಎಂಬ ಅನುಮಾನವಿತ್ತು. ನಾನು "ಚೀಲಾ ಬರಲಿಲ್ರೀ, ಏನ್ ಮಾಡೂದು ಈಗ?" ಎಂದರೆ ಅವನು ಎರಡು ಹೆಜ್ಜೆ ಹಿಂದೆ ಸರಿದು "ನನ್ನ ಮೇಲೆ ಯಾಕೆ ಕೂಗಾಡ್ತೀರಾ?" ಎನ್ನುತ್ತಿದ್ದ. ನಾನು ಕೂಗಾಡಿರಲಿಲ್ಲ, ಮಾತಾಡಿದ್ದೆ. ಹೊರಗೆ ಬಂದರೆ ಚಳಿ ಮೂಳೆಗೆ ಹೊಕ್ಕಿತು. ಇನ್ನೂ ಚಳಿಗಾಲವೇ ಶುರುವಾಗಿಲ್ಲ ಎಂದ ಅವನು. ನಾನು ಉಡಿಯ ಖಣಗಳನ್ನು ತೆಗೆದು ಒಂದನ್ನು ಕಿವಿಗೆ, ಒಂದನ್ನು ಕೊರಳಿಗೆ, ಒಂದೊಂದನ್ನು ಕೈಗಳಿಗೆ ಸುತ್ತಿಕೊಂಡೆ. ಹಸಿರು, ಕೆಂಪು, ಜರಿಯ ಅಂಚು. ಬಸ್ಸಿನಲ್ಲಿ ಒಂದು ಮಗು ನನ್ನನ್ನು ನೋಡಿ ಚಪ್ಪಾಳೆ ತಟ್ಟಿತು.

ಅವನ ಹಾಸ್ಟೆಲಿನಿಂದ ಫೋನಿನ ಕಾರ್ಡು ಹಾಕಿ ಊರಿಗೆ ಮಾತಾಡಿದೆ. ನಮ್ಮಲ್ಲಿ ಫೋನು ಇದ್ದದ್ದು ಅಪ್ಪನ ಅಡತಿ ಅಂಗಡಿಯಲ್ಲಿ. ರೈತರು ತಂದ ಜೋಳ, ಕಡಲೆ, ತೊಗರಿ ಮಾರಿಸಿಕೊಡುವ ಅಂಗಡಿ. ಅಲ್ಲಿ ಹಮಾಲರು ಚೀಲ ಇಳಿಸುವ ಗದ್ದಲದ ನಡುವೆ ಅಪ್ಪನ ಧ್ವನಿ ಬಂತು.

"ಮುಟ್ಟೀನಿ ಅಪ್ಪಾ."

"ಮುಟ್ಟಿದೀ? ಚೊಲೋ ಆತು. ಉಂಡೀ?"

"ವಿಮಾನದಾಗ ಬ್ರೆಡ್ ಕೊಟ್ಟಿದ್ರು."

"ಬ್ರೆಡ್ ತಿಂದಾಳಂತ," ಎಂದು ಅಪ್ಪ ಯಾರಿಗೋ ಹೇಳಿದ. ಅಂಗಡಿಯ ಬಾಗಿಲ ಹೊರಗಿನಿಂದ ಅವ್ವನ ಧ್ವನಿ ಕೇಳಿಸಿತು. "ಯಾಕ, ಜ್ವರಾ ಬಂದಾವೇನ್ ಅಕಿಗೆ? ಊಟಾ ಮಾಡಿ ಫೋನ್ ಮಾಡಂತ ಹೇಳ್ರಿ."

ರೊಟ್ಟಿಯ ಚೀಲ ಕಳೆದ ಸುದ್ದಿ ಹೇಳಿದೆ. ಮುಂಬೈ ವಿಮಾನ ನಿಲ್ದಾಣದವರಿಗೆ ಅವ್ವ ಎರಡು ಮಾತು ಬೈದಳು, ಅಷ್ಟರಲ್ಲಿ ಕಾರ್ಡು ಮುಗಿಯಿತು.

ಮರುದಿನದಿಂದ ನನ್ನ ದಿಂಡುರುಳು ಸೇವೆ ಶುರುವಾಯಿತು. ಹೊರದೇಶದಿಂದ ಬಂದವರನ್ನು ಕಾಲೇಜಿನವರು ನೇರವಾಗಿ ಹಾಸ್ಟೆಲಿಗೆ ಸೇರಿಸಿಕೊಳ್ಳುವುದಿಲ್ಲ. ರೋಗ ಇಲ್ಲವೆಂದು ಗೊತ್ತಾಗುವ ತನಕ ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಬೇರೆ ಒಂದು ಖೋಲಿಯಲ್ಲಿ ಇಡುತ್ತಾರೆ. ಅಡುಗೆಮನೆ ಕೆಳಗೆ. ಅದಕ್ಕೆ ಬೀಗ. ಬೀಗದ ಕೈ ಬಾಗಿಲು ಕಾಯುವ ಹೆಂಗಸಿನ ಸೊಂಟದಲ್ಲಿ. ಆಕೆಯ ಗಾತ್ರ, ಗತ್ತು, ಕುರ್ಚಿಯಲ್ಲಿ ಕೂರುವ ಠೀವಿ ನೋಡಿ ನಾನು ಮನಸ್ಸಿನಲ್ಲೇ ಆಕೆಗೆ ಗೌಡ್ತಿ ಎಂದು ಹೆಸರಿಟ್ಟೆ. ಅಡುಗೆಮನೆ ತೆರೆಯಬೇಕೆಂದರೆ ಗೌಡ್ತಿಗೆ ಹಾಸ್ಟೆಲಿನ ಕಾರ್ಡು ತೋರಿಸಬೇಕು. ಕಾರ್ಡು ಬೇಕೆಂದರೆ ರಕ್ತ ತಪಾಸಣೆ, ಎದೆಯ ಎಕ್ಸ್‌ರೇ, ಫೋಟೋ, ನಾಲ್ಕು ಕಿಟಕಿಗಳ ನಾಲ್ಕು ಠಸ್ಸೆ ಬೇಕು.

ರಕ್ತಕ್ಕೆ ಖಾಲಿ ಹೊಟ್ಟೆಯಲ್ಲಿ ಬಾ ಎಂದರು. ಹೋದೆ. ಅಲ್ಲಿನ ನರ್ಸಮ್ಮ ನನ್ನ ಕೈಗೆ ಸುತ್ತಿದ ಖಣ ನೋಡಿ ಗಾಯವೆಂದು ತಿಳಿದು ಬಿಚ್ಚಿ, ಗಾಯ ಕಾಣದೆ, ಮತ್ತೆ ಬಹಳ ನಾಜೂಕಾಗಿ ಕಟ್ಟಿದಳು. ಎಕ್ಸ್‌ರೇಗೆ ಊರಿನ ಇನ್ನೊಂದು ತುದಿಗೆ ಹೋಗಬೇಕು. ಹೋದರೆ ಮುಚ್ಚಿದೆ, ಊಟದ ವಿರಾಮ. ಅಲ್ಲಿಂದ ಠಸ್ಸೆಯ ಕಿಟಕಿಗೆ ಓಡಿದರೆ ಅದೂ ಮುಚ್ಚಿದೆ, ಅವರದೂ ಊಟ. ಫೋಟೋ ತೆಗೆಯುವವನು ಬಾಗಿಲಿಗೆ ಹಲಗೆ ನೇತುಹಾಕಿ ಉಣ್ಣಲು ಹೋಗಿದ್ದ. ಆ ಊರಿನ ಮಂದಿ ಯಾವಾಗ ನೋಡಿದರೂ ಉಣ್ಣುತ್ತಲೇ ಇದ್ದರು. ಅವರೆಲ್ಲರ ಊಟ ನನ್ನ ಒಂದು ಊಟಕ್ಕೆ ಅಡ್ಡ ಬಂದಿತ್ತು. ಪಿತ್ತ ನೆತ್ತಿಗೇರಿ ಮುಚ್ಚಿದ ಕಿಟಕಿಯ ಮುಂದೆ ನಿಂತು "ಎಷ್ಟ್ ಉಣ್ತೀರೋ ನಿಮ್ಮ ಹೊಟ್ಟಿ ಸೇದಿಹೋಗ್ಲಿ!" ಎಂದು ಒದರಿದೆ. ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದ ಮುದುಕ ಅದಕ್ಕೆ ಒಪ್ಪಿ ತಲೆಯಾಡಿಸಿದ.

ಸಂಜೆ ಖೋಲಿಗೆ ಬಂದರೆ ಕಾಲು ನನ್ನವೇ ಅಲ್ಲವೆನಿಸುತ್ತಿತ್ತು. ಬೂಟಿನ ಸಮೇತ ಮಂಚಕ್ಕೆ ಬಿದ್ದು ಅತ್ತುಬಿಡುತ್ತಿದ್ದೆ. ಹಸಿವೆಗಲ್ಲ. ಹೊಟ್ಟೆಗೆ ಏನೋ ಸೇರುತ್ತಿತ್ತು. ಕ್ಯಾಂಟೀನಿನಲ್ಲಿ ಕೆಂಪು ಸಾರು, ಅಂಟಂಟು ಶ್ಯಾವಿಗೆ ತಿನ್ನುತ್ತಿದ್ದೆ. ಪ್ರತಿ ತುತ್ತಿಗೂ "ಇದು ಲೆಕ್ಕಕ್ಕಿಲ್ಲ, ಇದು ಲೆಕ್ಕಕ್ಕಿಲ್ಲ" ಎನ್ನಿಸುತ್ತಿತ್ತು. ಅಲ್ಲಿ ಅವ್ವ ಹಾಲು ಕುಡಿದು ಗುಳಿಗೆ ನುಂಗುತ್ತಿದ್ದಾಳೆ, ಸಕ್ಕರೆ ಏರುತ್ತದೋ ಇಳಿಯುತ್ತದೋ ಯಾರಿಗೆ ಗೊತ್ತು. ಡಾಕ್ಟರಾಗಲು ಬಂದವಳಿಗೆ ಅಷ್ಟೂ ತಿಳಿಯದು.

ನನ್ನ ಮುಖ ನೋಡಲಾರದೆ ಮೈಸೂರಿನ ಹುಡುಗ ಒಂದು ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ತಿಳಿಸಾರು ತಂದುಕೊಟ್ಟ. ತಿಂದೆ. ಸತ್ಯ ಹೇಳುತ್ತೇನೆ, ಅಮೃತವಾಗಿತ್ತು.

"ಸರಿ, ಊಟ ಆಯ್ತಲ್ಲ. ನಡೀರಿ, ಮನೆಗೆ ಫೋನ್ ಮಾಡಿ," ಎಂದ.

"ಊಟಾ ಎಲ್ಲಾತ್ರಿ? ಅನ್ನ ತಿಂದೆ."

"ಅನ್ನ ತಿಂದ್ರೆ ಊಟ ಅಲ್ವಾ?"

"ನಿಮಗ ಊಟ. ನಮಗಲ್ಲ."

ಅವನ ಮುಖ ಕೆಂಪಾಯಿತು. "ಹಾಗಾದ್ರ ನಾವು ಮೈಸೂರಿನವರು ಹುಟ್ಟಿದಾಗಿನಿಂದ ಉಪವಾಸ ಇದ್ದೀವಾ?" ಎಂದ. ಸಿಟ್ಟಿನಲ್ಲಿ ಅವನಿಗೂ ನಮ್ಮ ಕಡೆಯ "ಹಾಗಾದ್ರ" ಬಂದುಬಿಟ್ಟಿತ್ತು. ಆಮೇಲೆ ಸಮಾಧಾನ ಮಾಡಿಕೊಂಡು, "ರೊಟ್ಟಿ ತಿಂದೆ ಅಂತ ಹೇಳ್ಬಿಡಿ. ಅವರಿಗೇನು ಇಲ್ಲಿಂದ ಕಾಣುತ್ತಾ?" ಎಂದ. ಆಣೆಯ ಸಂಗತಿ ಹೇಳಿದೆ. ಅವನು ಖಾಲಿ ಡಬ್ಬಿಯ ಮುಚ್ಚಳವನ್ನು ದಪ್ಪನೆ ಬಡಿದು ಮುಚ್ಚಿದ. ಆದರೂ ಜೊತೆಗೆ ಅಂಚೆ ಕಚೇರಿಗೆ ಬಂದ.

ಈ ಸಲ ಅಪ್ಪನ ಧ್ವನಿ ಇಳಿದಿತ್ತು.

"ಅವ್ವ ಎಲ್ಲಿ?"

"ಮನ್ಯಾಗ ಮಲಗ್ಯಾಳ. ಮುಂಜಾನಿ ಕಣ್ಣಿಗೆ ಕತ್ತಲಿ ಬಂದು ಅಡಗಿಮನ್ಯಾಗ ಕುಂತುಬಿಟ್ಲು. ಡಾಕ್ಟರ್ ಬಂದು ಉಣ್ರೀ ಅಂದ್ರ, ನನ್ನ ಮಗಳು ಡಾಕ್ಟರ್ ಆಗಾಕ ಹೋಗ್ಯಾಳ, ಅಕಿ ಹೇಳಿದ್ರ ಉಣ್ತೀನಿ ಅಂದ್ಲು."

"ನಾ ಹೇಳ್ತೀನಿ, ಉಣ್ಣಂತ ಹೇಳು ಅಪ್ಪಾ!"

"ನೀ ಉಂಡು ಹೇಳಬೇಕವಾ. ಬರೇ ಹೇಳಿದ್ರ ಕೇಳ್ತಾಳೇನ್ ಅಕಿ?"

ಉಳಿದವರ ವರದಿಯನ್ನೂ ಒಪ್ಪಿಸಿದ. ಅತ್ತಿ ತಲೆಗೆ ಬಟ್ಟೆ ಬಿಗಿದು ಮಲಗಿದ್ದಳು. ಮಾವ ಎಲೆಯ ಬದಲು ಸೀಮೆಸುಣ್ಣ ಅಗಿಯತೊಡಗಿ ಶಾಲೆಯಲ್ಲಿ ನಗೆಪಾಟಲಾಗಿದ್ದ. ಬಾಗೇವಾಡಿಯ ಅಜ್ಜಿ ತಪಕೀರಿಲ್ಲದೆ ಇಡೀ ಓಣಿಯ ಮೇಲೆ ಬೀಳುತ್ತಿದ್ದಳು. ಬಾಜೂ ಮನೆಯವರೇ ನಮ್ಮ ಅಂಗಡಿಗೆ ಫೋನು ಮಾಡಿ "ನಿಮ್ಮ ಹುಡುಗಿಗೆ ಲಗೂ ಉಣ್ಣಾಕ ಹೇಳ್ರಿ, ನಾವು ಬಾಳ್ವೆ ಮಾಡೂದು ಬ್ಯಾಡೇನು?" ಎಂದು ಕೇಳಿದ್ದರು.

"ಇಲ್ಲಿ ಜ್ವಾಳಾನ ಇಲ್ಲ ಅಪ್ಪಾ. ಎಲ್ಲಿಂದ ತರ್ಲಿ?"

"ಅದನ್ನ ನಿಮ್ಮಜ್ಜಿಗೆ ಕೇಳೀನಿ. ಜ್ವಾಳಾ ಇರದಿದ್ರ ಬ್ಯಾರೆ ಹಿಟ್ಟು ನಡೀತೈತಂತ. ಸಜ್ಜಿ ರೊಟ್ಟಿ ರೊಟ್ಟಿ ಅಲ್ಲೇನು ಅಂದ್ಲು. ಹಿಟ್ಟು ಯಾವುದರ ಇರ್ಲಿ, ಕೈಲೆ ಬಡದ್ರ ಅದು ರೊಟ್ಟಿ. ಲಟ್ಟಿಸಿದ್ರ ಇಲ್ಲ. ನಿಮ್ಮವ್ವನೂ ಹೂಂ ಅಂದಾಳ."

ಅಜ್ಜಿಯ ಈ ತೀರ್ಪಿನಲ್ಲಿ ತಪಕೀರಿನ ಆಸೆ ಎಷ್ಟಿತ್ತೋ ಗೊತ್ತಿಲ್ಲ. ನನಗಂತೂ ಹೋದ ಜೀವ ಬಂದಂತಾಯಿತು. ಫೋನಿಟ್ಟು ಹೊರಗೆ ಬಂದ ಮೇಲೆ ಹೊಳೆಯಿತು. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಒಲೆಯ ಹತ್ತಿರ ಹೋದರೆ ಸಾಕು, "ನೀ ಹೋಗು, ಓದ್ಕೋ ಹೋಗು" ಎಂದು ಅವ್ವ ಅಟ್ಟುತ್ತಿದ್ದಳು. ಹದಿನೆಂಟು ವರ್ಷ ಆ ಸದ್ದು ಕೇಳಿ ಬೆಳೆದಿದ್ದೆ, ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ.

ಕಾರ್ಡು ಕೊನೆಗೂ ಕೈಗೆ ಬಂತು. ಫೋಟೋದಲ್ಲಿ ಖಣ ಕಟ್ಟಿಕೊಂಡು ಕಳ್ಳಿಯ ಹಾಗೆ ಕಾಣುತ್ತಿದ್ದೆ. ಇರಲಿ ಬಿಡು ಎಂದುಕೊಂಡೆ. ಮೈಸೂರಿನವನ ಜೊತೆ ಅಂಗಡಿಗೆ ಹೋಗಿ ಹಿಟ್ಟುಗಳನ್ನೆಲ್ಲ ಮುಟ್ಟಿ ನೋಡಿದೆವು. ಒಂದು ಮೈದಾ, ಬೇಡ. ಇನ್ನೊಂದು ಮುಟ್ಟಿದರೆ ಅಂಟುವಂಥದ್ದು, ಬೇಡ. ಮೂರನೆಯದು ಬೂದಿಬಣ್ಣದ್ದು, ಉದುರು ಉದುರು, ಜೋಳದ ದೂರದ ಸಂಬಂಧಿಯಂತೆ ಕಂಡಿತು. ಅದು ಯಾವ ಕಾಳಿನದೆಂದು ಮೈಸೂರಿನವನಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಉಳಿದದ್ದು ಒಂದೇ ಪೊಟ್ಟಣ. ತೆಗೆದುಕೊಂಡೆವು.

ಗೌಡ್ತಿ ಕಾರ್ಡನ್ನು ಹಿಂದೆ ಮುಂದೆ ನೋಡಿ, ಫೋಟೋದ ಜೊತೆ ನನ್ನ ಮುಖ ಹೋಲಿಸಿ ಮೂಗು ಮುರಿದು ಅಡುಗೆಮನೆ ತೆರೆದಳು. ನೀರು ಕುದಿಸಿ ಹಿಟ್ಟಿಗೆ ಹಾಕಿ ಕಲಸಿದೆ, ಕೈ ಸುಟ್ಟಿತು. ತಗಡು ಹೊದಿಸಿದ ಮೇಜಿನ ಮೇಲೆ ಮುದ್ದೆ ಇಟ್ಟು ಬಡಿದೆ. ನಮ್ಮ ಮನೆಯಲ್ಲಿ ಕಲ್ಲಿನ ಮೇಲೆ ಆ ಸದ್ದು ಒಂದು ಲಯದಲ್ಲಿ ಬರುತ್ತದೆ. ತಗಡಿನ ಮೇಲೆ ನನ್ನ ಕೈಯಲ್ಲಿ ಅದು ದರೋಡೆಯ ಸದ್ದಾಯಿತು. ಮೇಜಿನ ಕಾಲು ಅಲುಗಾಡಿ, ಮೇಲಿಟ್ಟ ಚಮಚಗಳು ಕುಣಿದು, ಇಡೀ ಅಂತಸ್ತು ಕೇಳುವಂತಾಯಿತು. ಮೊದಲನೆಯದು ನಡುವೆ ಸೀಳಿತು. ಎರಡನೆಯದು ಎತ್ತುವಾಗ ಮೂರು ತುಂಡಾಯಿತು. ಮೂರನೆಯದು ಬಾಣಲೆಗೆ ಹತ್ತಿ ಕರಿದಾಯಿತು. ನಾನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಬಡಿದೆ.

ಬಾಗಿಲು ದಡಾರನೆ ತೆರೆಯಿತು. ಗೌಡ್ತಿ, ಅವಳ ಹಿಂದೆ ಓದುವ ಹುಡುಗಿಯರ ಹಿಂಡು. ಒಳಗೆ ಯಾರನ್ನೋ ಹೊಡೆಯುತ್ತಿದ್ದಾರೆ ಎಂದುಕೊಂಡು ಓಡಿಬಂದಿದ್ದರು. ಗೌಡ್ತಿ ಮೇಜಿನ ಕೆಳಗೆ ಬಗ್ಗಿ ಹೊಡೆಸಿಕೊಂಡವರನ್ನು ಹುಡುಕಿದಳು. ಯಾರೂ ಸಿಗದಾಗ ನನ್ನ ಮೇಲೆ ಶುರುಮಾಡಿದಳು.

"ರೊಟ್ಟಿ ಬಡಿಯಾಕತ್ತೀನ್ರಿ!" ಎಂದೆ. ಆಕೆಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಅಂದಮೇಲೆ ನನ್ನ ಭಾಷೆಯಲ್ಲೇ ಬೈಯುವುದು ಮೇಲು. ಆಕೆ ರಷ್ಯನ್ನಿನಲ್ಲಿ ಒಂದು ಹೇಳಿದರೆ ನಾನು ಸಿಂದಗಿಯ ಮಾತಿನಲ್ಲಿ ಎರಡು ಹೇಳಿದೆ. ಆಕೆ ಬಾಣಲೆಗೆ ಕೈ ಹಾಕಿದಳು. ನಾನು ಅದನ್ನು ಹಿಡಿದು ಎಳೆದೆ. ಎಳೆದಾಡುತ್ತಲೇ ನನಗೆ ಏನಾಯಿತೋ, "ನಮ್ಮವ್ವ ಉಂಡಿಲ್ರೀ! ನಮ್ಮವ್ವ ಉಂಡಿಲ್ಲ!" ಎಂದು ಹೋ ಎಂದು ಅತ್ತುಬಿಟ್ಟೆ. ಮೂಗು, ಕಣ್ಣು, ಹಿಟ್ಟಿನ ಕೈ ಎಲ್ಲ ಒಂದಾಯಿತು.

ಮೈಸೂರಿನವನು ಓಡಿಬಂದು ತನಗೆ ಬಂದಷ್ಟು ರಷ್ಯನ್ನಿನಲ್ಲಿ ವಿಷಯ ತಿಳಿಸಿದ. ಗೌಡ್ತಿ ಒಂದು ಪ್ರಶ್ನೆ ಕೇಳಿದಳು.

"ಏನಂದ್ಲು?"

"ನಿಮ್ಮಮ್ಮನಿಗೆ ತಲೆ ಸರಿ ಇದೆಯಾ ಅಂತ ಕೇಳ್ತಿದಾರೆ," ಎಂದ ಸಂಕೋಚದಿಂದ.

"ಇಲ್ಲ ಅಂತ ಹೇಳ್ರಿ."

ಹೇಳಿದ. ಗೌಡ್ತಿ ಬಾಣಲೆ ಬಿಟ್ಟಳು. ಹುಡುಗಿಯರನ್ನು ಹೊರಗೆ ಅಟ್ಟಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮುಂದುವರಿಸು ಎಂಬಂತೆ ಗದ್ದ ಎತ್ತಿದಳು. ಪೊಟ್ಟಣದಲ್ಲಿ ಇನ್ನೊಂದೇ ರೊಟ್ಟಿಯ ಹಿಟ್ಟಿತ್ತು. ಈ ಸಲ ನಿಧಾನಕ್ಕೆ ಬಡಿದೆ. ಅಂಚು ಒಡೆಯಿತು, ನಡುವೆ ಒಂದು ಸೀಳು, ಆದರೆ ಮುರಿಯದೆ ಬಾಣಲೆಗೆ ಬಿತ್ತು. ತಿರುವಿ ಹಾಕಿದಾಗ ಒಂದು ಮೂಲೆಯಲ್ಲಿ ಸಣ್ಣಗೆ ಉಬ್ಬಿತು. ನಾನು, ಮೈಸೂರಿನವನು, ಗೌಡ್ತಿ ಮೂವರೂ ಬಗ್ಗಿ ಆ ಉಬ್ಬನ್ನು ನೋಡಿದೆವು.

ಉಡಿಯ ಬೆಲ್ಲ, ಕೊಬ್ಬರಿ ಹಚ್ಚಿಕೊಂಡು ಅದನ್ನು ತಿಂದೆ. ಕಹಿ, ಬೂದಿ ವಾಸನೆ. ಆದರೆ ಆಣೆಯಲ್ಲಿ "ಹೊಟ್ಟಿ ತುಂಬ" ಎಂದಿತ್ತಲ್ಲ, ಒಂದಕ್ಕೆ ಹೊಟ್ಟೆ ತುಂಬಲಿಲ್ಲ. ಸೀಳಿದ್ದು, ಮೂರು ತುಂಡಾದದ್ದು, ಕರಿದಾದದ್ದು ಎಲ್ಲವನ್ನೂ ಕೂತು ತಿಂದು ಮುಗಿಸಿದೆ. ಗೌಡ್ತಿ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ, ನನ್ನ ಬೆನ್ನ ಮೇಲೆ ಕೈಯಾಡಿಸಿದಳು. ಕನಿಕರವಿದ್ದಿರಬೇಕು.

ಅಂಚೆ ಕಚೇರಿಗೆ ಓಡಿದೆವು. ಅಲ್ಲಿ ಹೆಸರು ಬರೆಸಿ, ಕರೆದಾಗ ಗಾಜಿನ ಗೂಡಿನೊಳಗೆ ಹೋಗಿ ಮಾತಾಡಬೇಕು. ಅಪ್ಪ ಫೋನೆತ್ತಿದ. ನಾನು ಬಾಯಿ ತೆರೆಯುವ ಮೊದಲೇ "ತಡಿ, ಇಲ್ಲೇ ಅದಾಳ" ಎಂದ. ಜನ್ಮದಲ್ಲಿ ಅಂಗಡಿಯ ಒಳಗೆ ಕೂರದ ಅವ್ವ ಬೆಳಗಿನಿಂದ ಜೋಳದ ಚೀಲದ ಮೇಲೆ ಫೋನು ಕಾಯುತ್ತ ಕುಳಿತಿದ್ದಳಂತೆ. ಹಮಾಲರು ಅವಳ ಸುತ್ತಲಿನ ಚೀಲ ಎತ್ತಲಾರದೆ ಬೀಡಿ ಸೇದುತ್ತ ಹೊರಗೆ ನಿಂತಿದ್ದರು.

"ಉಂಡೀ?" ಧ್ವನಿಯಲ್ಲಿ ತ್ರಾಣವಿರಲಿಲ್ಲ.

"ಉಂಡೆ ಯವ್ವಾ."

"ರೊಟ್ಟಿ?"

"ರೊಟ್ಟಿ. ಬ್ಯಾರೆ ಹಿಟ್ಟು."

"ಯಾರು ಬಡದ್ರು?"

"ನಾನ ಬಡದೆ."

"ನೀನಾ?" ಅವಳ ಧ್ವನಿ ಸ್ವಲ್ಪ ಏರಿತು. "ಉಬ್ಬಿತ್ತೇನು?"

"ಒಂದು ಮೂಲ್ಯಾಗ."

"ಹೊಟ್ಟಿ ತುಂಬೈತಿ?"

"ತುಂಬೈತಿ."

"ಆಣಿ ಐತಿ ನೋಡು."

"ಆಣಿ ಐತಿ ಯವ್ವಾ."

ಆಚೆ ಬಟ್ಟೆಯ ಗಂಟು ಬಿಚ್ಚುವ ಸರಸರ. ಅದರ ಹಿಂದೆಯೇ, ಫೋನಿನ ಪಕ್ಕದಲ್ಲೇ, ಕಟಕ್ ಎಂದು ರೊಟ್ಟಿ ಮುರಿದ ಸದ್ದು. ಅವಳು ಕಟ್ಟಿಕೊಂಡೇ ಬಂದಿದ್ದಳು. ತುತ್ತು ಬಾಯಿಗೆ ಹೋಯಿತು, ಅಗಿಯತೊಡಗಿದಳು. ಕರಂ ಕರಂ ಎಂದು ಸಿಂದಗಿಯಿಂದ ರಷ್ಯಾಕ್ಕೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಂಗಡಿಯಲ್ಲಿ ಬೇರೆ ಯಾವ ಗದ್ದಲವೂ ಇರಲಿಲ್ಲ. ನಾನು ಗಾಜಿಗೆ ಹಣೆ ಒತ್ತಿಕೊಂಡು ಅದನ್ನೇ ಕೇಳುತ್ತ ನಿಂತೆ. ಹೊರಗೆ ಮೈಸೂರಿನವನು ಏನಾಯಿತು ಎಂದು ಕೈಸನ್ನೆ ಮಾಡಿ ಕೇಳುತ್ತಿದ್ದ.

"ಆಣಿ ಬಿಟ್ಟೀನಿ ಇನ್ನ," ಎಂದಳು ಅವ್ವ, ಬಾಯಲ್ಲಿ ತುತ್ತು ಇಟ್ಟುಕೊಂಡೇ.

"ಅಂದ್ರ?"

"ಅಷ್ಟು ದೂರ ಅದೀ. ನಾ ಏನ್ ಬಂದು ನೋಡ್ತೀನಿ? ನಾಳಿಂದ ಉಣದಿದ್ರೂ ಉಂಡೀನಿ ಅನ್ನು. ನಾ ನಂಬ್ತೀನಿ."

"ಆಣಿ ಬಿಡಬ್ಯಾಡ ಯವ್ವಾ," ಎಂದೆ. "ಬಿಡಬ್ಯಾಡ, ಬಿಡಬ್ಯಾಡ," ಎಂದು ಗೂಡೆಲ್ಲ ಕೇಳುವಂತೆ ಕೂಗಿದೆ.

ಅಷ್ಟೊತ್ತಿಗೆ ಅವಳು ಫೋನನ್ನು ಅಪ್ಪನ ಕೈಗೆ ಕೊಟ್ಟಾಗಿತ್ತು.

"ಏನ್ ಬಿಡಬ್ಯಾಡವಾ?" ಎಂದು ಅಪ್ಪ ಕೇಳುತ್ತಿದ್ದ.